ಪ್ರಗತಿಪರ ಕ್ರೈಸ್ತರು ಬೈಬಲನ್ನು ಬದಿಗಿಟ್ಟುಬಿಡುತ್ತಾರಾ?

ಇಲ್ಲ. ಚರ್ಚ್‌ನಲ್ಲಿ ಹೆಂಗಸರಿಗೂ ಸಮಾನ ಸ್ಥಾನ ಬೇಕು ಎಂಬಂಥ ಅವರ ವಾದ ಹುಟ್ಟುವುದೂ ಬೈಬಲ್‌ನಿಂದಲೇ. ಒಂದು ವಚನವನ್ನು ಯಾವ ಕಾಲದಲ್ಲಿ, ಯಾರಿಗೆ ಬರೆದದ್ದು ಎಂದು ಮೊದಲು ನೋಡುತ್ತಾರೆ. ಆಮೇಲೆ ಯೇಸು ಜನರ ಜೊತೆ ನಡೆದುಕೊಂಡ ರೀತಿಯ ಪಕ್ಕ ಅದನ್ನಿಟ್ಟು ತೂಗುತ್ತಾರೆ.

ಗುಲಾಮಗಿರಿಯನ್ನೇ ತಗೊಳ್ಳಿ. ದಾಸರು ಯಜಮಾನರ ಮಾತು ಕೇಳಬೇಕು ಎಂದು ಎಫೆಸದವರಿಗೆ ಬರೆದ ಪತ್ರದಲ್ಲಿದೆ (6:5). ಅಮೆರಿಕದಲ್ಲಿ ಗುಲಾಮರನ್ನು ಇಟ್ಟುಕೊಂಡವರು ಇದನ್ನೇ ಎತ್ತಿ ತೋರಿಸುತ್ತಿದ್ದರು. ಅವರನ್ನು ವಿರೋಧಿಸಿದ ಕ್ರೈಸ್ತರೂ ಅದೇ ಪುಸ್ತಕ ತೆರೆದರು. ಕ್ರಿಸ್ತನಲ್ಲಿ ದಾಸ, ಸ್ವತಂತ್ರ ಎಂಬ ಭೇದವಿಲ್ಲ, ಗಂಡು ಹೆಣ್ಣು ಎಂಬ ಭೇದವೂ ಇಲ್ಲ ಎಂದು ಗಲಾತ್ಯದವರಿಗೆ ಬರೆದ ಪತ್ರದಲ್ಲಿದೆ (3:28).

ಹೆಂಗಸರ ವಿಷಯದಲ್ಲೂ ಹೀಗೇ. ಹೆಂಗಸರು ಉಪದೇಶ ಮಾಡಬಾರದು ಎಂದು ತಿಮೊಥೆಯನಿಗೆ ಬರೆದ ಮೊದಲ ಪತ್ರ ಹೇಳುತ್ತದೆ. ಆದರೆ ಯೋಹಾನನ ಸುವಾರ್ತೆಯಲ್ಲಿ, ಇನ್ನೂ ಕತ್ತಲಿರುವಾಗಲೇ ಸಮಾಧಿಗೆ ಹೋದವಳು ಮಗ್ದಲದ ಮರಿಯಳು. ಅಲ್ಲಿ ಅಳುತ್ತಾ ನಿಂತವಳನ್ನು, ಸತ್ತು ಎದ್ದುಬಂದ ಯೇಸು ಹೆಸರು ಹಿಡಿದು ಕರೆಯುತ್ತಾನೆ, ಶಿಷ್ಯರಿಗೆ ಸುದ್ದಿ ಮುಟ್ಟಿಸಲು ಕಳಿಸುತ್ತಾನೆ. ಇದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಇಡೀ ನಂಬಿಕೆ ನಿಂತಿರುವ ಸುದ್ದಿಯನ್ನು ಮೊದಲು ಹೇಳಿದ್ದು ಒಬ್ಬ ಹೆಂಗಸು, ಅಲ್ವಾ?

ಈ ವಿಷಯದಲ್ಲಿ ಸಭೆಗಳು, ಅಂದರೆ ಚರ್ಚ್‌ಗಳು, ಒಂದೇ ದಾರಿ ಹಿಡಿದಿಲ್ಲ. ಕ್ಯಾಥೊಲಿಕ್ ಸಭೆ ಇಂದಿಗೂ ಮಹಿಳೆಯರಿಗೆ ಗುರುದೀಕ್ಷೆ, ಅಂದರೆ ಪಾದ್ರಿಯಾಗುವ ದೀಕ್ಷೆ, ಕೊಡುವುದಿಲ್ಲ. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯಲ್ಲಿ 1994ರ ಮಾರ್ಚ್‌ನಲ್ಲಿ, ಬ್ರಿಸ್ಟಲ್ ಕ್ಯಾಥೆಡ್ರಲ್‌ನಲ್ಲಿ ಒಟ್ಟಿಗೆ 32 ಮಹಿಳೆಯರು ದೀಕ್ಷೆ ಪಡೆದರು. ನಮ್ಮ ಕಡೆ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿ.ಎಸ್.ಐ., 2013ರಲ್ಲಿ ಇ. ಪುಷ್ಪಾ ಲಲಿತಾ ಅವರನ್ನು ಆಂಧ್ರದ ನಂದ್ಯಾಲದ ಬಿಷಪ್ ಮಾಡಿತು. ಕರ್ನಾಟಕದ ಎಷ್ಟೋ ಪ್ರಾಟೆಸ್ಟೆಂಟ್ ಸಭೆಗಳು ಸೇರಿರುವುದೂ ಇದೇ ಸಿ.ಎಸ್.ಐ.ಗೆ.