ದುಬೈ ಮರುಭೂಮಿ ಅಲ್ವಾ, ಬೇಸಿಗೆಯಲ್ಲಿ ರಾತ್ರಿ ಸುತ್ತಾಡಿದರೆ ತಂಪಾಗಿರಲ್ವಾ?

ಇರಲ್ಲ. ಜುಲೈ, ಆಗಸ್ಟ್‌ನಲ್ಲಿ ರಾತ್ರಿಯೂ ಉಷ್ಣಾಂಶ 30 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ. ಮರಳಿನ ಊರಾದರೂ ದುಬೈ ಇರುವುದು ಕಡಲ ದಂಡೆಯಲ್ಲಿ.

ಒಳನಾಡಿನ ಮರುಭೂಮಿಯಲ್ಲಿ ಒಣ ಗಾಳಿ, ತಿಳಿ ಆಕಾಶ. ಸೂರ್ಯ ಮುಳುಗಿದೊಡನೆ ನೆಲದ ಕಾವು ಮೇಲಕ್ಕೆ ಹಾರಿಹೋಗುತ್ತದೆ. ಆದರೆ ದುಬೈ ಪಕ್ಕದ ಕೊಲ್ಲಿಯ ಸರಾಸರಿ ಆಳ ಸುಮಾರು 35 ಮೀಟರ್ ಅಷ್ಟೇ. ಹಾಗಾಗಿ ಬೇಸಿಗೆಯಲ್ಲಿ ಅದರ ನೀರೇ 30 ಡಿಗ್ರಿ ದಾಟಿ ಬಿಸಿಯಾಗುತ್ತದೆ. ಆ ನೀರಿನ ಆವಿ ಗಾಳಿಯಲ್ಲಿ ತುಂಬಿಕೊಂಡು ಕಂಬಳಿ ಹೊದಿಸಿದಂತೆ ಕಾವನ್ನು ಹಿಡಿದಿಡುತ್ತದೆ. ಜೊತೆಗೆ, ಮೈ ತಂಪಾಗಬೇಕಾದರೆ ಬೆವರು ಆರಬೇಕು. ತೇವ ತುಂಬಿದ ಗಾಳಿಯಲ್ಲಿ ಅದು ಆರದೆ ಮೈಗೆ ಅಂಟುತ್ತದೆ. ಬಳ್ಳಾರಿಯ ಬಿಸಿಲಿಗೂ ಮಂಗಳೂರಿನ ಸೆಕೆಗೂ ಇರುವ ವ್ಯತ್ಯಾಸ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಮಾಲ್‌ನಿಂದ ಹೊರಬಿದ್ದೊಡನೆ ಕನ್ನಡಕ ಮಂಜಾಗುವುದೂ ಇದೇ ತೇವದಿಂದ.

ಮಕ್ಕಳ ಬೇಸಿಗೆ ರಜೆಗೇ ಹೋಗಬೇಕಾದರೆ ಏಪ್ರಿಲ್ ಮೊದಲ ವಾರಗಳು ಪರವಾಗಿಲ್ಲ. ಅಜ್ಜ ಅಜ್ಜಿಯೂ ಜೊತೆಗಿದ್ದರೆ ನವೆಂಬರ್‌ನಿಂದ ಮಾರ್ಚ್‌ವರೆಗಿನ ಕಾಲವನ್ನೇ ಆರಿಸಿ. ಬುರ್ಜ್ ಖಲೀಫಾವನ್ನು ಎಸಿಯೊಳಗೆ ಯಾವಾಗ ಬೇಕಾದರೂ ಹತ್ತಬಹುದು, ಆದರೆ ಅಲ್ ಫಹೀದಿ ಎಂಬ ಹಳೆಯ ಬಡಾವಣೆಯ ಓಣಿಗಳಲ್ಲಿ ಅಡ್ಡಾಡಿ, ಅಬ್ರಾ ಎಂಬ ಮರದ ದೋಣಿಯಲ್ಲಿ ಊರ ನಡುವಿನ ಕ್ರೀಕ್‌ನ (ಒಳಚಾಚಿದ ಕಡಲ ನೀರಿನ) ಆಚೆ ದಡದ ದೇರಾಕ್ಕೆ ದಾಟುವ ಖುಷಿ ಆಗ ಮಾತ್ರ. ನನಗಂತೂ ಆ ಗಗನಚುಂಬಿಗಿಂತ ಈ ದೋಣಿಯೇ ಹೆಚ್ಚು ಇಷ್ಟ.