ಸೆಪ್ಟೆಂಬರ್‌ನಲ್ಲಿ ಹತ್ತು ದಿನ ಫ್ರಾನ್ಸ್‌ನ ಹಳ್ಳಿಗಾಡನ್ನು ಕಾರಿನಲ್ಲಿ ನಿಧಾನವಾಗಿ ಸುತ್ತಬೇಕು. ಲುವಾರ್, ಡೋರ್ಡೋನ್, ಪ್ರೊವಾನ್ಸ್ ಮೂರೂ ಸೀಮೆಗಳನ್ನು ಹೇಗೆ ಹೊಂದಿಸಲಿ?

ಹೊಂದಿಸಬೇಡಿ. ಒಂದನ್ನೇ ಇಟ್ಟುಕೊಳ್ಳಿ. ನನ್ನನ್ನು ಕೇಳಿದರೆ ಡೋರ್ಡೋನ್.

ಇದೇ ಪ್ಲಾನ್ ಹಿಡಿದು ನಾನು, ನನ್ನ ಹೆಂಡತಿ, ಅಪ್ಪ ಹೊರಟಿದ್ದೆವು. ಪ್ಯಾರಿಸ್‌ನಲ್ಲಿ ಕಾರು ಬಾಡಿಗೆಗೆ ತೆಗೆದುಕೊಂಡು, ಲುವಾರ್‌ನ ಅರಮನೆಗಳನ್ನು ನೋಡಿ, ಡೋರ್ಡೋನ್ ಮೇಲೆ ಹಾದು ಪ್ರೊವಾನ್ಸ್‌ನ ಅವಿನ್ಯೋನ್ ಮುಟ್ಟುವುದು. ಒಂದೊಂದು ರಾತ್ರಿ ಒಂದೊಂದು ಊರು. ಅಷ್ಟೂ ರೂಮುಗಳನ್ನು ಬೆಂಗಳೂರಿನಲ್ಲೇ ಕೂತು ಬುಕ್ ಮಾಡಿದ್ದೆ. ಅದೂ ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರದ ರೇಟಿನಲ್ಲಿ, ಸ್ವಲ್ಪ ಕಡಿಮೆಗೆ ಸಿಗುತ್ತೆ ಅಂತ.

ಕೆಟ್ಟಿದ್ದು ಅಲ್ಲೇ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಎಲ್ಲರೂ ದೂರ ಜಾಸ್ತಿ ಆಯ್ತು ಅಂದುಕೊಳ್ಳುತ್ತಾರೆ. ದೂರ ಅಲ್ಲ ಸಮಸ್ಯೆ. ದಿನಾ ಬೆಳಿಗ್ಗೆ ಸೂಟ್‌ಕೇಸ್ ಕಟ್ಟಿ, ರೂಮು ಬಿಟ್ಟು ಹೊರಡುವ ಹೊತ್ತಿಗೆ ಹತ್ತು ಗಂಟೆ. ಹಳ್ಳಿಯ ಸಣ್ಣ ತಂಗುಮನೆಗಳಲ್ಲಿ ರಾತ್ರಿಯಿಡೀ ಕೌಂಟರ್‌ನಲ್ಲಿ ಯಾರೂ ಇರುವುದಿಲ್ಲ, ಮನೆಯವರೇ ಕಾದು ಕೂತಿರುತ್ತಾರೆ, ಹಾಗಾಗಿ ಸಂಜೆ ಹೇಳಿದ ಹೊತ್ತಿಗೆ ಮುಟ್ಟಲೇಬೇಕು. ಮಧ್ಯದಲ್ಲಿ ಉಳಿಯುವ ನಾಲ್ಕೈದು ಗಂಟೆಯಲ್ಲಿ ಹನ್ನೆರಡರಿಂದ ಎರಡು ಊಟದ ಹೊತ್ತು, ಸುಮಾರು ಅಂಗಡಿಗಳು ಮುಚ್ಚಿರುತ್ತವೆ. ಎರಡು ದಾಟಿದರೆ ಹೋಟೆಲ್‌ಗಳಲ್ಲಿ ಅಡುಗೆಮನೆ ಬಂದ್. ನಾವು ದೊಮ್ ಅನ್ನುವ ಬೆಟ್ಟದ ಮೇಲಿನ ಕೋಟೆ ಊರಿಗೆ ಹೋದಾಗ ಎರಡೂವರೆ ಆಗಿತ್ತು. ಅಪ್ಪನಿಗೆ ಶುಗರ್ ಇದೆ, ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ಕಾರಿನಲ್ಲಿದ್ದ ಚಕ್ಕುಲಿ ತಿಂದು ಕಟ್ಟೆಯ ಮೇಲೆ ಕೂತರು, ಕಣ್ಣು ಮಾತ್ರ ಕೆಳಗಿನ ಡೋರ್ಡೋನ್ ನದಿ ಮೇಲೆ.

ಅಪ್ಪ ಮೂವತ್ತು ವರ್ಷಕ್ಕೂ ಜಾಸ್ತಿ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದವರು. ನದಿಯ ಒಂದು ದಡದಲ್ಲಿ ಬೆನಾಕ್ ಕೋಟೆ, ಇನ್ನೊಂದು ದಡದಲ್ಲಿ ಕಾಸ್ತೆಲ್ನೋ ಕೋಟೆ, ಎದುರುಬದುರು. ನೂರು ವರ್ಷಗಳ ಯುದ್ಧದಲ್ಲಿ (1337–1453) ಬೆನಾಕ್ ಫ್ರೆಂಚರ ಕಡೆ, ಕಾಸ್ತೆಲ್ನೋ ಬಹುಪಾಲು ಇಂಗ್ಲಿಷರ ಕೈಯಲ್ಲಿ. ಆ ಯುದ್ಧವನ್ನು ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದವರು, "ನಾಳೆ ಒಂದು ದಿನ ಇಲ್ಲೇ ಇರೋಣ್ವಾ?" ಅಂತ ಕೇಳಿದರು. ಮುಂದಿನ ಮೂರು ಊರಿಗೆ ದುಡ್ಡು ಕಟ್ಟಾಗಿತ್ತು. ಆಗಲ್ಲ ಅಂದೆ. ಮಾರನೇ ದಿನವಿಡೀ ಟೋಲ್ ರಸ್ತೆಯಲ್ಲಿ ಲಾರಿಗಳ ಹಿಂದೆ ಹೋದೆವು.

ಆಮೇಲೆ ಅಪ್ಪನ ಜೊತೆ ಮತ್ತೆ ಹೋದಾಗ ಬರೀ ಡೋರ್ಡೋನ್. ಹೀಗೆ ಮಾಡಿ: ಪ್ಯಾರಿಸ್‌ನಲ್ಲಿ ಕಾರು ಮುಟ್ಟಲೇಬೇಡಿ. ಟಿಜಿವಿ ಅನ್ನುವ ವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆಗೆ ಬೋರ್ಡೋ, ಅಲ್ಲಿ ಕಾರು ತೆಗೆದುಕೊಂಡರೆ ಎರಡೂವರೆ-ಮೂರು ಗಂಟೆಯಲ್ಲಿ ಡೋರ್ಡೋನ್‌ನ ಸಾರ್ಲಾ ಅನ್ನುವ ಊರು. ಅಲ್ಲೇ ಅಡುಗೆಮನೆ ಇರುವ ಒಂದು ಮನೆ ಹಿಡಿದು ವಾರ ಪೂರ್ತಿ ಇರಿ. ದೊಮ್, ಬೆನಾಕ್, ಕಾಸ್ತೆಲ್ನೋ ಎಲ್ಲ ಅರ್ಧ ಗಂಟೆಯೊಳಗೆ. ಬುಧವಾರ, ಶನಿವಾರ ಸಾರ್ಲಾದಲ್ಲಿ ಸಂತೆ. ಸಸ್ಯಾಹಾರಿಗಳಾದರೆ ಅಡುಗೆಮನೆ ಬೇಕೇ ಬೇಕು, ಆ ಸೀಮೆಯ ಊಟ ಅಂದ್ರೆ ಬಾತುಕೋಳಿ. ನಾವು ಸಂತೆಯಿಂದ ಅಕ್ರೋಟು, ಮೇಕೆ ಹಾಲಿನ ಚೀಸು, ಟೊಮೆಟೊ ತಂದು ಮನೆಯಲ್ಲೇ ಸಾರು ಮಾಡಿಕೊಳ್ಳುತ್ತಿದ್ದೆವು.

ಕಾಸ್ತೆಲ್ನೋದಲ್ಲಿ ಯುದ್ಧದ ಮ್ಯೂಸಿಯಂ ಇದೆ. ಕಲ್ಲುಗುಂಡು ಎಸೆಯುವ ದೊಡ್ಡ ಮರದ ಯಂತ್ರಗಳನ್ನು ಹಳೇ ಮಾದರಿಯಲ್ಲೇ ಮಾಡಿ ಅಂಗಳದಲ್ಲಿ ನಿಲ್ಲಿಸಿದ್ದಾರೆ. ಅಪ್ಪ ಒಂದು ಯಂತ್ರದ ಸುತ್ತ ಬಂದು, ಭಾರದ ಪೆಟ್ಟಿಗೆ ಎಲ್ಲಿ, ಕವಣೆ ಎಲ್ಲಿ ಅಂತ ನನಗೆ ತೋರಿಸಿದರು. ಅವರನ್ನು ಅಲ್ಲಿಂದ ಎಬ್ಬಿಸುವ ಅವಸರ ಯಾರಿಗೂ ಇರಲಿಲ್ಲ.

ಲಾಸ್ಕೋ ಬಿಡಬೇಡಿ. ಆದಿಮಾನವರು ಗೋಡೆ ಮೇಲೆ ಚಿತ್ರ ಬರೆದಿದ್ದ, 1940ರಲ್ಲಿ ಸಿಕ್ಕ ಗುಹೆ, ಜನರ ಉಸಿರಿಗೇ ಚಿತ್ರಗಳು ಹಾಳಾಗುತ್ತಿವೆ ಅಂತ 1963ರಲ್ಲಿ ಮುಚ್ಚಿದರು. ಈಗ ನೋಡುವುದು 2016ರಲ್ಲಿ ತೆರೆದ ಪ್ರತಿರೂಪ. ಅಸಲಿ ಚಿತ್ರಗಳೇ ಬೇಕು ಅಂದ್ರೆ ಫೋನ್ ದ ಗೋಮ್ ಗುಹೆ ಇದೆ. ದಿನಕ್ಕೆ ಕೆಲವೇ ಜನರನ್ನು ಬಿಡುತ್ತಾರೆ, ಮೊದಲೇ ಬುಕ್ ಮಾಡಬೇಕಾದ್ದು ರೂಮಿಗಿಂತ ಆ ಟಿಕೆಟ್.

ಡ್ರೈವಿಂಗ್ ಬಗ್ಗೆ ಭಯ ಬೇಡ. ಆರ್‌ಟಿಒದಲ್ಲಿ ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿ. ಅಲ್ಲಿ ಬಲಬದಿಯಲ್ಲಿ ಓಡಿಸಬೇಕು. ಬೋರ್ಡು, ಗೆರೆ ಏನೂ ಇಲ್ಲದ ಸಣ್ಣ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು, ಇದೊಂದನ್ನು ತಲೆಯಲ್ಲಿಟ್ಟುಕೊಳ್ಳಿ. ಆಟೋಮ್ಯಾಟಿಕ್ ಗಾಡಿ ಬೇಕಾದರೆ ಮೊದಲೇ ಕೇಳಿ.

ಪ್ರೊವಾನ್ಸ್‌ಗೆ ಲ್ಯಾವೆಂಡರ್ ನೋಡಲಿಕ್ಕೆ ಹೋಗುವುದಾದರೆ, ಆ ಹೂವಿನ ಕಾಲ ಜೂನ್ ಕೊನೆಯಿಂದ ಜುಲೈ ತನಕ. ನೀವು ಹೋಗುವ ಸೆಪ್ಟೆಂಬರ್‌ಗೆ ಹೊಲ ಕೊಯ್ದಾಗಿರುತ್ತದೆ.