ಗೀರು ಬಿದ್ದ ಜಾಗದ ಬಗ್ಗೆ ಬರೆಯಿರಿ

ನಮಸ್ಕಾರ.

ತೀರ್ಥಹಳ್ಳಿಯಿಂದ ನೀವು ಕಳಿಸಿದ ‘ತುಕ್ಕಿಗೆ ವಿದಾಯ’ ಲೇಖನ ಓದಿದೆ. ವಿದ್ಯುತ್ ಹರಿಯುವ ಪ್ಲಾಸ್ಟಿಕ್ ಬಳಿದು ಕಬ್ಬಿಣ ಕಾಯುವ ವಿಷಯ ನಮ್ಮ ಪತ್ರಿಕೆಗೆ ಬೇಕಾದದ್ದೇ. ಆದರೆ ಈಗಿರುವಂತೆ ಹಾಕಲಾರೆ.

ಮೊದಲೆರಡು ಪುಟ ನೊಬೆಲ್‌ಗೇ ಹೋಗಿದೆ. ಹೀಗರ್, ಮ್ಯಾಕ್‌ಡಿಯರ್ಮಿಡ್, ಶಿರಕಾವಾ ಅವರಿಗೆ ಇಂಥ ಪ್ಲಾಸ್ಟಿಕ್ಕಿಗಾಗಿ 2000ದಲ್ಲಿ ಬಹುಮಾನ ಬಂತು ಎನ್ನಲು ಒಂದು ಸಾಲು ಸಾಕು. ನಿಮ್ಮ ವಿಷಯಕ್ಕೆ ಹತ್ತಿರದವರು ಡಿಬೆರಿ. ಸ್ಟೇನ್‌ಲೆಸ್ ಸ್ಟೀಲ್ ಮೇಲೆ ಪಾಲಿಅನಿಲೀನ್ ಎಂಬ ವಿದ್ಯುತ್ ಹರಿಯುವ ಪ್ಲಾಸ್ಟಿಕ್ ಕೂರಿಸಿದರೆ ಅದು ಆಮ್ಲದಲ್ಲೂ ತಡೆಯುತ್ತದೆಂದು 1985ರಲ್ಲಿ ತೋರಿಸಿದವರು. ಅವರ ಹೆಸರೇ ಇಲ್ಲ!

‘ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ’ ಎಂದಷ್ಟೇ ಹೇಳಿ ಸಮೀಕರಣಕ್ಕೆ ಹಾರಿದ್ದೀರಿ. ಅಡಿಕೆ ತೋಟದ ಮನೆಯವರು ಎಂದು ಪತ್ರದಲ್ಲಿದೆ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಕಲಸಿದಾಗ ಚಾಕು ಅದ್ದಿ ನೋಡುವುದಿಲ್ಲವೇ? ಸುಣ್ಣ ಕಡಿಮೆಯಾಗಿದ್ದರೆ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಕಬ್ಬಿಣ ಬಿಟ್ಟ ಎಲೆಕ್ಟ್ರಾನನ್ನು ಮೈಲುತುತ್ತದ ತಾಮ್ರ ತೆಗೆದುಕೊಂಡಿತು, ಕಬ್ಬಿಣ ಅಷ್ಟು ಕರಗಿತು. ತುಕ್ಕಿನಲ್ಲಿ ತೆಗೆದುಕೊಳ್ಳುವುದು ನೀರಿನಲ್ಲಿ ಬೆರೆತ ಆಮ್ಲಜನಕ. ಇದನ್ನೇ ಬರೆಯಿರಿ. (ಸಮೀಕರಣ ಕಂಡರೆ ಓದುಗರು ಪುಟ ತಿರುವುತ್ತಾರೆ. ನಾನೂ.)

ನನ್ನ ದೊಡ್ಡ ತಕರಾರು ಇರುವುದು ‘ಗೀರು ಬಿದ್ದರೂ ತಾನೇ ವಾಸಿಯಾಗುತ್ತದೆ’ ಎಂಬ ಸಾಲಿನ ಮೇಲೆ. ಸಣ್ಣ ಗೀರಿಗೆ ಸರಿ. ಪಾಲಿಅನಿಲೀನ್ ಕಬ್ಬಿಣದಿಂದ ಎಲೆಕ್ಟ್ರಾನ್ ಸೆಳೆದು ಅಲ್ಲಿ ತೆಳ್ಳಗಿನ, ಬಿಗಿಯಾದ ಆಕ್ಸೈಡ್ ಪೊರೆ ಕಟ್ಟಿಸುತ್ತದೆ. ಗಾಳಿಯ ಆಮ್ಲಜನಕ ಪಾಲಿಅನಿಲೀನನ್ನು ಮತ್ತೆ ಮೊದಲಿನಂತಾಗಿಸುತ್ತದೆ. ಗೀರು ದೊಡ್ಡದಾದರೆ ಪೊರೆ ಕೂಡಿಕೊಳ್ಳುವುದಿಲ್ಲ. ಆಗ ವಿದ್ಯುತ್ ಹರಿಯುವ ಲೇಪ ಅಷ್ಟಗಲ, ಬರಿ ಕಬ್ಬಿಣ ಇಷ್ಟೇ ಇಷ್ಟು. ಲೇಪ ಎಲೆಕ್ಟ್ರಾನ್ ಎಳೆಯುತ್ತಲೇ ಇರುತ್ತದೆ, ಸವೆತವೆಲ್ಲ ಆ ಗೀರಿನೊಳಗೆ. ಸಾದಾ ಪೇಂಟಿಗಿಂತ ಬೇಗ ತೂತು ಬೀಳಬಹುದು. ಉಪ್ಪಿದ್ದರಂತೂ ಇನ್ನೂ ಕಷ್ಟ. ಅದಕ್ಕೇ ಪಾಲಿಅನಿಲೀನನ್ನು ಎಪಾಕ್ಸಿ ಪ್ರೈಮರಿನಲ್ಲಿ (ಪೇಂಟಿಗೆ ಮೊದಲು ಬಳಿಯುವ ಗಟ್ಟಿ ರಾಳದ ಕೋಟ್) ಸ್ವಲ್ಪವೇ ಬೆರೆಸಿ, ಮೇಲೊಂದು ಬೇರೆ ಪೇಂಟಿನ ಕೋಟ್ ಕೊಡುವುದು. ಇಷ್ಟು ಸ್ವಾರಸ್ಯದ ಭಾಗವನ್ನೇ ಬಿಟ್ಟಿದ್ದೀರಿ.

‘ಆಗುಂಬೆ ಮಳೆಗೆ ಇದೇ ಮದ್ದು’ ಎಂಬ ಕೊನೆಯ ಪ್ಯಾರಾ ತೆಗೆಯಿರಿ. ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆಯಲ್ಲಿ ತಿಂಗಳುಗಟ್ಟಲೆ ಒಣಗದ ಕಬ್ಬಿಣದ ಮೇಲೆ ನೀವೇನೂ ಬಳಿದು ನೋಡಿಲ್ಲವಲ್ಲ. ಬದಲಿಗೆ ಸತು ಬಳಿದ ತಗಡನ್ನು ಪಕ್ಕಕ್ಕಿಡಿ: ಸತು ತಾನು ಸವೆದು ಗೀರಿನ ಕಬ್ಬಿಣ ಉಳಿಸುತ್ತದೆ, ಪಾಲಿಅನಿಲೀನ್ ಹಾಗಲ್ಲ.

ಸಾವಿರ ಪದದೊಳಗೆ ತಿದ್ದಿ ಕಳಿಸಿ. ಕ್ಷಾರ ತಾಗಿದೊಡನೆ ಹಸಿರು ಪಾಲಿಅನಿಲೀನ್ ನೀಲಿಯಾಗುವ ಪ್ಯಾರಾ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ.

— ಸಂಪಾದಕ